ಕಣ್ಣಿನ ಪೊರೆ ಅಂದರೆ ಪೊರೆಯಲ್ಲ

ನಮ್ಮಮ್ಮ ಎರಡು ವರ್ಷ ಕಾದರು. "ಪೊರೆ ಇನ್ನೂ ಹಣ್ಣಾಗಿಲ್ಲ, ಆಮೇಲೆ ತೆಗೆಸಿದರಾಯ್ತು" ಅಂತ ಯಾರೋ ಹೇಳಿದ್ದನ್ನು ನಂಬಿಕೊಂಡು ಅಕ್ಕಿ ಆರಿಸುವುದನ್ನು ಬಿಟ್ಟರು, ಸಂಜೆ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟರು, ಕೊನೆಗೆ ಒಂದು ದಿನ ಹಿತ್ತಲ ಮೆಟ್ಟಿಲು ಕಾಣದೆ ಬಿದ್ದರು. ಆ ಎರಡು ವರ್ಷ ಸುಮ್ನೆ ಹೋಯಿತಲ್ಲ ಅಂತ ನನಗೆ ಈಗಲೂ ಬೇಜಾರು.

ಗೊಂದಲ ಶುರುವಾಗುವುದೇ ಹೆಸರಿನಿಂದ. ಪೊರೆ ಅಂದ ಕೂಡಲೇ ಹಾವಿನ ಪೊರೆ ನೆನಪಾಗುತ್ತದೆ. ಕಣ್ಣಿನ ಮೇಲೆ ಏನೋ ಪದರ ಬೆಳೆದಿದೆ, ಡಾಕ್ಟರು ಅದನ್ನು ಸುಲಿದು ತೆಗೆಯುತ್ತಾರೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಪಾಪೆಯ ಹಿಂದೆ, ತೆಳು ಚೀಲವೊಂದರ ಒಳಗೆ, ಮಸೂರ ಅಂದರೆ ಕಣ್ಣಿನದೇ ಲೆನ್ಸ್ ಇದೆ. ಮಸೂರ ಬೇಳೆಯದೇ ಆಕಾರ, ಅಗಲ ಸುಮಾರು 9ರಿಂದ 10 ಮಿಲಿಮೀಟರ್. ವಯಸ್ಸಾದಂತೆ ಅದರೊಳಗಿನ ಪ್ರೋಟೀನು ಗಂಟುಗಟ್ಟಿ ಮಸೂರವೇ ಮಂಜಾಗುತ್ತದೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ತಿಳಿಯಾಗುವುದಿಲ್ಲ, ಅಲ್ವಾ? ಇದೂ ಹಾಗೇ. ಡ್ರಾಪ್ಸ್, ಮಾತ್ರೆ, ಸೊಪ್ಪಿನ ರಸ ಯಾವುದರಿಂದಲೂ ಇದು ಕರಗುವುದಿಲ್ಲ. ದಯವಿಟ್ಟು ಕಣ್ಣಿಗೆ ರಸ ಹಿಂಡಬೇಡಿ.

ಹಾಗಾದರೆ ಹಣ್ಣಾಗಬೇಕು ಅನ್ನುವ ಮಾತು ಎಲ್ಲಿಂದ ಬಂತು? ಒಂದು ಕಾಲದಲ್ಲಿ ಅದು ಸರಿಯಾದ ಮಾತೇ. ಆಗ ದೊಡ್ಡದಾಗಿ ಕೊಯ್ದು ಇಡೀ ಮಸೂರ ತೆಗೆಯುತ್ತಿದ್ದರು, ಬದಲಿಗೆ ಏನೂ ಇಡುತ್ತಿರಲಿಲ್ಲ, ಮುಂದೆ ಜೀವನಪೂರ್ತಿ ಸೋಡಾಬುಡ್ಡಿ ಕನ್ನಡಕ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಮಾಡಿದ ಕಾಲ ಅದು; 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಆಪರೇಷನ್ ಮಾಡಿದವರು ಅವರು. ಏನೂ ಕಾಣದವರಿಗೆ ಆ ಕನ್ನಡಕವೂ ದೊಡ್ಡ ವರ. ಆದರೆ ಅರ್ಧ ಕಾಣುತ್ತಿದ್ದವರಿಗೆ ಅಷ್ಟು ಲಾಭ ಇರಲಿಲ್ಲ, ಅದಕ್ಕೇ ಕಾಯಿರಿ ಅನ್ನುತ್ತಿದ್ದರು.

ಆಮೇಲೆ ಇಂಗ್ಲೆಂಡಿನ ಕಣ್ಣಿನ ಡಾಕ್ಟರು ಹೆರಾಲ್ಡ್ ರಿಡ್ಲಿ ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಪೈಲಟ್‌ಗಳ ಕಣ್ಣಲ್ಲಿ ವಿಮಾನದ ಪ್ಲಾಸ್ಟಿಕ್ ಚೂರುಗಳು ಯಾವ ತೊಂದರೆಯೂ ಕೊಡದೆ ಕೂತಿದ್ದನ್ನು ಗಮನಿಸಿ, 1949ರಲ್ಲಿ ಅಂಥದ್ದೇ ಪ್ಲಾಸ್ಟಿಕ್ಕಿನ ಲೆನ್ಸನ್ನು ಕಣ್ಣೊಳಗೆ ಇಟ್ಟರು. 1967ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರು ಚಾರ್ಲ್ಸ್ ಕೆಲ್ಮನ್, ಹಲ್ಲಿನ ಡಾಕ್ಟರ ಬಳಿ ಕಂಡ ಸಲಕರಣೆಯ ಜಾಡು ಹಿಡಿದು, ಅಲ್ಟ್ರಾಸೌಂಡ್‌ನಿಂದ ಮಸೂರವನ್ನು ಪುಡಿ ಮಾಡಿ ಹೀರುವ ಉಪಾಯ ಕೊಟ್ಟರು. ಅದೇ ಈಗಿನ ಫೇಕೋ. ಅಲ್ಲಿಗೆ ಲೆಕ್ಕ ತಿರುಗಿತು. ಈಗ ಕಾದಷ್ಟೂ ಮಸೂರ ಗಟ್ಟಿಯಾಗುತ್ತದೆ, ಒಡೆಯಲು ಜಾಸ್ತಿ ಶಕ್ತಿ ಬೇಕಾಗುತ್ತದೆ. ತೀರಾ ಬಿಟ್ಟರೆ ಅದು ಸೋರಿ ಕಣ್ಣಿನ ಒತ್ತಡ ಏರಿಸಲೂಬಹುದು. ಕೇಳಿಕೊಳ್ಳಬೇಕಾದ್ದು ಹಣ್ಣಾಯಿತಾ ಅಂತ ಅಲ್ಲ, ನಿಮ್ಮ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದೆಯಾ ಅಂತ.

ಆಪರೇಷನ್‌ಗೆ ಮೊದಲು ಕಣ್ಣಿನ ಅಳತೆ ತೆಗೆದು ಲೆನ್ಸಿನ ಪವರ್ ಲೆಕ್ಕ ಹಾಕುತ್ತಾರೆ. ಸಕ್ಕರೆ, ಬಿಪಿ ನೋಡುತ್ತಾರೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ನುಂಗುತ್ತಿದ್ದರೆ ಹೇಳಲೇಬೇಕು. ಟ್ಯಾಮ್ಸುಲೋಸಿನ್‌ನಿಂದ ಪಾಪೆ ಸರಿಯಾಗಿ ಅಗಲವಾಗದೆ ಡಾಕ್ಟರಿಗೆ ಕಷ್ಟ. ಲೆನ್ಸ್ ಆರಿಸುವಾಗ ಗಾಬರಿ ಬೇಡ. ಸಾಮಾನ್ಯ ಲೆನ್ಸಿನಲ್ಲಿ ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಕನ್ನಡಕ ಬೇಕು. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸಿಗೆ ದುಡ್ಡು ಜಾಸ್ತಿ, ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆ ಕಾಣಿಸುತ್ತದೆ. ಸಾಮಾನ್ಯ ಲೆನ್ಸ್ ಹಾಕಿಸಿದ್ದಕ್ಕೆ ಯಾರೂ ಕೊರಗಬೇಕಿಲ್ಲ ಅಂತ ನಾನಂತೂ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ಮಾಡುತ್ತಾರೆ.

ಆಪರೇಷನ್ ಹೊತ್ತಿಗೆ ಎಚ್ಚರ ಇರುತ್ತದೆ. ಡ್ರಾಪ್ಸ್ ಹಾಕಿ ಇಲ್ಲವೇ ಕಣ್ಣಿನ ಪಕ್ಕ ಒಂದು ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಸಾಮಾನ್ಯವಾಗಿ ಕತ್ತರಿ, ಸೂಜಿ ಏನೂ ಸ್ಪಷ್ಟವಾಗಿ ಕಾಣಿಸುವುದಿಲ್ಲ, ಬರೀ ಬೆಳಕು, ಬಣ್ಣ, ತಣ್ಣಗೆ ನೀರು ಹರಿದಂತೆ. ಮೂರು ಮಿಲಿಮೀಟರಿಗಿಂತ ಚಿಕ್ಕ ಗಾಯದಿಂದ ಹಳೆ ಮಸೂರ ಹೊರಗೆ ಬರುತ್ತದೆ, ಮಡಚಿದ ಹೊಸ ಲೆನ್ಸ್ ಒಳಗೆ ಹೋಗಿ ತಾನೇ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ 15-20 ನಿಮಿಷದ ಕೆಲಸ, ಅವತ್ತೇ ಮನೆ.

ಮಾರನೇ ದಿನ ಅಮ್ಮ ತಮ್ಮ ಸೀರೆಯನ್ನೇ ನೋಡಿಕೊಂಡು "ಇದು ಇಷ್ಟು ನೀಲಿಯಾ?" ಅಂದರು. ಹಳೆ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತಿತ್ತು. ಕೆಲವು ದಿನ ಮಣ್ಣು ಬಿದ್ದಂತೆ ಚುಚ್ಚುವುದು, ನೀರು ಬರುವುದು ಇರುತ್ತದೆ. ಡ್ರಾಪ್ಸ್ ನಾಲ್ಕಾರು ವಾರ, ತಪ್ಪದೆ. ಕಣ್ಣು ಉಜ್ಜಬಾರದು. ತಲೆಸ್ನಾನ ಡಾಕ್ಟರು ಹೇಳುವ ತನಕ ಬೇಡ. ಆದರೆ ನೋವು ಏರುತ್ತಾ ಹೋದರೆ, ಕೆಂಪು ಜಾಸ್ತಿಯಾದರೆ, ದೃಷ್ಟಿ ಇಳಿದರೆ, ಮಿಂಚು ಹೊಡೆದಂತೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಸೋಂಕು ಅಪರೂಪ, ಆದರೆ ಅದು ಹಿಡಿದರೆ ಒಂದೊಂದು ಗಂಟೆಯೂ ಮುಖ್ಯ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ನರದ ಪದರ ಹಾಳಾಗಿದ್ದರೆ ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಪೂರ್ತಿ ದೃಷ್ಟಿ ಬರಲಿಕ್ಕಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಇನ್ನೊಂದು. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಂಜು ಕವಿಯುತ್ತದೆ. ಪೊರೆ ತಿರುಗಿ ಬಂತು ಅಂತ ಹೆದರುತ್ತಾರೆ. ತೆಗೆದ ಮಸೂರ ತಿರುಗಿ ಬೆಳೆಯುವುದಿಲ್ಲ. ಹೊಸ ಲೆನ್ಸನ್ನು ಹಿಡಿದುಕೊಳ್ಳಲಿ ಅಂತ ಉಳಿಸಿದ್ದ ಆ ತೆಳು ಚೀಲದ ಹಿಂಬದಿ ಮಸುಕಾಗಿರುತ್ತದೆ, ಅಷ್ಟೇ. ನಿಜವಾಗಿ ಪೊರೆ ಅನ್ನಬಹುದಾದ್ದು ಇದನ್ನೇ. ಕುಳಿತಲ್ಲೇ ಕೆಲವು ನಿಮಿಷ ಲೇಸರ್ ಬಿಟ್ಟು ಅದರಲ್ಲೊಂದು ಕಿಂಡಿ ಮಾಡುತ್ತಾರೆ, ಕೊಯ್ಯುವುದೂ ಇಲ್ಲ, ಹೊಲಿಗೆಯೂ ಇಲ್ಲ.