ವ್ಯಾಕ್ಯೂಮ್ ಚೇಂಬರ್: ಹೆಸರಿಗೆ ಕೋಣೆ, ನೋಡಿದರೆ ಕೊಳವೆ

ವ್ಯಾಕ್ಯೂಮ್ ಚೇಂಬರ್ ಅಂದರೆ ನಿರ್ವಾತ ಕೋಣೆ. ನಿರ್ವಾತ ಸರಿ, ಗಾಳಿ ಇಲ್ಲದ್ದು. ಆದರೆ ಕಣ ವೇಗವರ್ಧಕದಲ್ಲಿ, ಅಂದರೆ ಎಲೆಕ್ಟ್ರಾನಿನಂಥ ಕಣಗಳನ್ನು ಭಾರಿ ವೇಗದಲ್ಲಿ ಓಡಿಸುವ ಯಂತ್ರದಲ್ಲಿ, ಇದು ಕೋಣೆಯೇ ಅಲ್ಲ, ಉದ್ದನೆಯ ಕೊಳವೆ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಅಡ್ವಾನ್ಸ್‌ಡ್ ಫೋಟಾನ್ ಸೋರ್ಸ್ ಎಂಬ ವೇಗವರ್ಧಕ 1995ರಲ್ಲಿ ಬೆಳಕು ಕಂಡಾಗ, ಅದರ ಕೊಳವೆಗಳೆಲ್ಲ ಸೇರಿ 1,104 ಮೀಟರ್ ಸುತ್ತಳತೆಯ ಉಂಗುರ. ಅದರೊಳಗೆ ಎಲೆಕ್ಟ್ರಾನ್‌ಗಳು ಗಂಟೆಗಟ್ಟಲೆ ಸುತ್ತಬೇಕು. ಗಾಳಿ ಉಳಿದಿದ್ದರೆ ಅದರ ಅಣುಗಳಿಗೆ ಡಿಕ್ಕಿ ಹೊಡೆದು ಚದುರಿಹೋಗುತ್ತವೆ.

ಇಂಥ ಕೊಳವೆಗಳನ್ನು ಹೆಚ್ಚಾಗಿ ಅಲ್ಯೂಮಿನಿಯಂನಿಂದ ಮಾಡುತ್ತಾರೆ. ಅದೇ ಯಾಕೆ? ತಿರುವಿನಲ್ಲಿ ಎಲೆಕ್ಟ್ರಾನ್‌ಗಳು ಎಕ್ಸ್-ರೇ ಉಗುಳುತ್ತವೆ, ಅದು ಬಡಿದ ಗೋಡೆ ಬಿಸಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಅಲ್ಯೂಮಿನಿಯಂ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ಸಾಗಿಸುತ್ತದೆ. ಎಲೆಕ್ಟ್ರಾನ್ ಹಾದಿಯನ್ನು ತಿರುಗಿಸುವ ಸುತ್ತಲಿನ ಅಯಸ್ಕಾಂತಗಳ ಕೆಲಸಕ್ಕೂ ಅಡ್ಡ ಬರುವುದಿಲ್ಲ.

ಇನ್ನೊಂದು ಕಾರಣ, ಆಕಾರ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ ಬಿಸಿ ಅಲ್ಯೂಮಿನಿಯಂ ಅನ್ನು ಅಚ್ಚಿನಿಂದ ಒತ್ತಿ ತೆಗೆಯಬಹುದು. ಆರ್ಗಾನ್‌ನಲ್ಲಿ ಬಳಸಿದ್ದು 6063 ಎಂಬ ಮಿಶ್ರಲೋಹ. ನಮ್ಮ ಮನೆ ಕಿಟಕಿಯ ‘ಸೆಕ್ಷನ್’ಗಳೂ ಸಾಮಾನ್ಯವಾಗಿ ಅದರದ್ದೇ! ಈ ಕೊಳವೆಯನ್ನು ಅಡ್ಡಕ್ಕೆ ಕೊಯ್ದರೆ ಒಂದು ಕಡೆ ಎಲೆಕ್ಟ್ರಾನ್ ಹಾದಿ, ಪಕ್ಕದಲ್ಲಿ ಕಿರಿದಾದ ಸೀಳು, ಅದರಾಚೆ ಇನ್ನೊಂದು ಟೊಳ್ಳು. ಎಕ್ಸ್-ರೇ ಸೀಳಿನ ಮೂಲಕ ಆಚೆ ಹೋಗುತ್ತದೆ, ಉಳಿದ ಗಾಳಿಯನ್ನು ಹೀರುವ ಪಟ್ಟಿಗಳೂ ಅಲ್ಲೇ ಇರುತ್ತವೆ. ಈ ಟೊಳ್ಳಿನ ಹೆಸರು ಆಂಟಿಚೇಂಬರ್. ನನ್ನ ಕೇಳಿದರೆ ‘ಪಡಸಾಲೆ’ ಅನ್ನಬಹುದು. ತಂಪಿನ ನೀರು ಹರಿಯುವ ತೂತುಗಳೂ ಅದೇ ಒತ್ತಿನಲ್ಲಿ ಬಂದುಬಿಡುತ್ತವೆ.

ಎಲ್ಲ ಕಡೆ ಒತ್ತಿಯೇ ಮಾಡುವುದಿಲ್ಲ. ಇಂದೋರ್‌ನ ಇಂಡಸ್-2 ಎಂಬ ಇಂಥದ್ದೇ ವೇಗವರ್ಧಕ ಉಂಗುರದ ತಿರುವಿನ ಚೇಂಬರ್‌ಗಳನ್ನು ದಪ್ಪ ಅಲ್ಯೂಮಿನಿಯಂ ಹಲಗೆಯಿಂದ ಎರಡು ಹೋಳಾಗಿ ಕೊರೆದು, ಸೇರಿಸಿ ಬೆಸೆದರು.

ಕಷ್ಟ ಇರುವುದು ಬೆಸುಗೆಯಲ್ಲೇ. ಇಲ್ಲದಿದ್ದರೆ ಕಿಟಕಿ ಮಾಡುವವರೇ ಇದನ್ನೂ ಮಾಡಿಬಿಡುತ್ತಿದ್ದರು, ಅಲ್ವಾ? ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಅದರ ಮೈಮೇಲಿನ ತೆಳು ಆಕ್ಸೈಡ್ ಪೊರೆಗೆ 2,000 ಡಿಗ್ರಿಗೂ ಮೇಲೆ ಬೇಕು. ಪೊರೆ ಸರಿಯಾಗಿ ಹೋಗದಿದ್ದರೆ ಒಳಗೆ ಲೋಹ ನೀರಾದರೂ ಮೇಲೆ ಬೆಸುಗೆ ಕೂಡುವುದಿಲ್ಲ. ಒಂದು ಕೊಳವೆಯನ್ನು ಇನ್ನೊಂದಕ್ಕೆ ಜೋಡಿಸುವ ತುದಿಯ ಬಳೆ, ಅಂದರೆ ಫ್ಲೇಂಜ್, ಇನ್ನೊಂದು ತಲೆನೋವು. ಅದರ ಚೂಪಾದ ಅಂಚು ನಡುವೆ ಸಂದು ಮುಚ್ಚುವ ಗ್ಯಾಸ್ಕೆಟ್ ಅನ್ನು ಕಚ್ಚಿ ಹಿಡಿಯಬೇಕು, ಮೆತ್ತನೆಯ ಅಲ್ಯೂಮಿನಿಯಂಗೆ ಆ ಕಚ್ಚು ಇಲ್ಲ. ಅದಕ್ಕೆ ಕೆಲವರು ಸ್ಟೀಲ್ ಮತ್ತು ಅಲ್ಯೂಮಿನಿಯಂ ಹಲಗೆಗಳನ್ನು ಸ್ಫೋಟಕ ಸಿಡಿಸಿ ಒಂದಕ್ಕೊಂದು ಅಂಟಿಸಿ, ಅದರಿಂದ ಫ್ಲೇಂಜ್ ಮಾಡುತ್ತಾರೆ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ಸ್ಫೋಟಕವೇ!

ಆಮೇಲೆ ಮಡಿ. ಬೆರಳಚ್ಚಿನ ಜಿಡ್ಡೂ ನಿರ್ವಾತದಲ್ಲಿ ಅನಿಲ ಬಿಡುತ್ತಾ ಇರುತ್ತದೆ. ತೈವಾನ್ ಫೋಟಾನ್ ಸೋರ್ಸ್‌ನವರು ಕೊರೆಯುವಾಗ ಎಣ್ಣೆಯನ್ನೇ ಬಿಟ್ಟು ಎಥೆನಾಲ್ ಬಳಸಿದರು. ತೊಳೆದ ಮೇಲೆ ಕೊಳವೆಯನ್ನು ಸುಮಾರು 150 ಡಿಗ್ರಿಗೆ ಬೇಯಿಸಿ, ಅಂಟಿಕೊಂಡ ನೀರಿನಂಶ ಬಿಡಿಸುತ್ತಾರೆ. ಸೋರಿಕೆ ಹುಡುಕಲು ಬೆಸುಗೆಯ ಮೇಲೆ ಹೊರಗಿನಿಂದ ಹೀಲಿಯಂ ಊದುತ್ತಾರೆ. ಕೊಳವೆಗೆ ಜೋಡಿಸಿದ ಪತ್ತೆಯಂತ್ರಕ್ಕೆ ಹೀಲಿಯಂ ಸಿಕ್ಕಿತೋ, ಆ ಬೆಸುಗೆ ಮತ್ತೆ ಮೊದಲಿನಿಂದ.