ಸುಮ್ಮನಿರಲು ಬಿಡದ ತಂತ್ರಾಂಶಗಳು

ಡಬ್ಬದ ಮೇಲೆ ಹತ್ತು ಗಂಟೆ ಬಾಳುತ್ತದೆ ಎಂದು ಅಚ್ಚಾಗಿದ್ದ ಲ್ಯಾಪ್‌ಟಾಪ್ ಬ್ಯಾಟರಿ ಮನೆಗೆ ಬಂದ ಕೆಲವೇ ತಿಂಗಳಲ್ಲಿ ಐದಾರು ಗಂಟೆಗೇ ಕೈಚೆಲ್ಲುತ್ತದೆ ಎಂಬುದು ಬಹಳ ಜನರ ದೂರು. ಬ್ಯಾಟರಿಯೇ ಹಾಳಾಗಿರಬೇಕೆಂದು ಸರ್ವಿಸ್ ಸೆಂಟರಿಗೆ ಒಯ್ದರೆ, ಅದು ಸರಿಯಾಗಿಯೇ ಇದೆ ಎಂಬ ಉತ್ತರ ಸಿಗುತ್ತದೆ. ಯಾವ ತಂತ್ರಾಂಶ ಎಷ್ಟು ದುಡಿಯುತ್ತಿದೆಯೆಂದು ತೋರಿಸುವ, ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಅಲ್ಲಿಯೂ ಕಳ್ಳ ಸಿಕ್ಕುವುದಿಲ್ಲ. ಪ್ರೊಸೆಸರಿನ ಬಳಕೆ ಶೇ. 2 ಅಥವಾ 3ರ ಆಸುಪಾಸಿನಲ್ಲಿ ತೆಪ್ಪಗೆ ಕುಳಿತಿರುತ್ತದೆ. ಬ್ಯಾಟರಿಯ ಮಟ್ಟಿಗೆ ಈ ಶೇಕಡಾವಾರು ಅಂಕಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಹಿನ್ನೆಲೆಯಲ್ಲಿ ಓಡುವ ತಂತ್ರಾಂಶ ಎಷ್ಟು ಕೆಲಸ ಮಾಡಿತು ಎಂಬುದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಅದು ಮಲಗಿದ್ದ ಪ್ರೊಸೆಸರನ್ನು ಎಷ್ಟು ಸಲ ಎಬ್ಬಿಸಿತು?

ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಸುಮಾರು 50 ವಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ ಎಂದುಕೊಳ್ಳಿ. ಪರದೆಯ ಬೆಳಕು ತಗ್ಗಿಸಿ ಏನನ್ನೋ ಓದುತ್ತಿರುವಾಗ ಇಡೀ ಯಂತ್ರ 5 ವಾಟ್ ಎಳೆಯುತ್ತಿದ್ದರೆ ಹತ್ತು ಗಂಟೆ ಬಾಳಿಕೆ ಬರುತ್ತದೆ. ಈಗ ಕಣ್ಣಿಗೆ ಬೀಳದ ಯಾವುದೋ ತಂತ್ರಾಂಶ ಕೇವಲ 2 ವಾಟ್ ಹೆಚ್ಚಿಗೆ ಎಳೆಯಲಿ; ಬಾಳಿಕೆ ಏಳು ಗಂಟೆ ಚಿಲ್ಲರೆಗೆ ಇಳಿಯುತ್ತದೆ, ಅಂದರೆ ಸುಮಾರು ಮೂರು ಗಂಟೆ ಮಾಯ. ಅದೇ ತಂತ್ರಾಂಶ 25 ವಾಟ್ ನುಂಗುವ ಭಾರೀ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿದ್ದರೆ ಎರಡು ಗಂಟೆಯ ಬಾಳಿಕೆ ಒಂಬತ್ತು ನಿಮಿಷದಷ್ಟು ಕುಗ್ಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಯಂತ್ರ ಮಿತವ್ಯಯಿಯಾದಷ್ಟೂ ಹಿನ್ನೆಲೆ ತಂತ್ರಾಂಶದ ಹೊಡೆತ ಜೋರಾಗುತ್ತದೆ ಎಂಬುದು ವಿಚಿತ್ರವಾದರೂ ಸರಳ ಗಣಿತ.

ಮಿತವ್ಯಯ ಬರುವುದು ನಿದ್ದೆಯಿಂದ. ಇಂದಿನ ಪ್ರೊಸೆಸರ್ ನಾವು ಓದುತ್ತಿರುವಾಗಲೂ, ಎರಡು ಅಕ್ಷರ ಒತ್ತುವುದರ ನಡುವೆಯೂ ಬಹುಪಾಲು ಮಲಗಿಯೇ ಇರುತ್ತದೆ. ಈ ನಿದ್ದೆಗೆ ಹಂತಗಳಿವೆ. ಎಂಜಿನಿಯರುಗಳು ಇವನ್ನು ಸಿ-ಸ್ಟೇಟ್ ಎನ್ನುತ್ತಾರೆ. ಸಿ0 ಎಂದರೆ ಪೂರ್ಣ ಎಚ್ಚರ. ಸಿ1ರಲ್ಲಿ ಗಡಿಯಾರದ ಬಡಿತವಷ್ಟೇ ನಿಲ್ಲುತ್ತದೆ. ಸಿ6ಕ್ಕೆ ಇಳಿಯುವಾಗ ಕೋರ್ (ಪ್ರೊಸೆಸರಿನೊಳಗಿನ, ತಾನೇ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕ) ತನ್ನ ಸ್ಥಿತಿಯನ್ನು ಬೇರೆಡೆ ಬರೆದಿಟ್ಟು, ವೋಲ್ಟೇಜನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿಕೊಳ್ಳುತ್ತದೆ. ಇನ್ನೂ ಆಳದ ಹಂತಗಳಲ್ಲಿ ಇಡೀ ಚಿಪ್ ಒಂದು ವಾಟಿಗಿಂತ ಎಷ್ಟೋ ಕಡಿಮೆ ಶಕ್ತಿಯಲ್ಲಿ ಬದುಕುತ್ತದೆ. ಆದರೆ ಇಡೀ ಚಿಪ್ ಆ ಆಳಕ್ಕೆ ಇಳಿಯಬೇಕಾದರೆ ಅದರ ಎಲ್ಲ ಕೋರ್‌ಗಳೂ ಒಟ್ಟಿಗೆ ಮಲಗಿರಬೇಕು. ಎಂಟು ಕೋರ್‌ಗಳಲ್ಲಿ ಒಂದು ಎದ್ದರೂ ಹಂಚಿಕೊಂಡ ಭಾಗಗಳೆಲ್ಲ ಅದರ ಜೊತೆ ಏಳಬೇಕಾಗುತ್ತದೆ.

ಏಳುವುದಕ್ಕೂ ಮಲಗುವುದಕ್ಕೂ ಖರ್ಚಿದೆ. ಖಾಲಿಯಾದ ಕ್ಯಾಶ್, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ವೇಗದ ಮೆಮೊರಿ, ಮತ್ತೆ ತುಂಬಬೇಕು, ವೋಲ್ಟೇಜ್ ಏರಿ ನೆಲೆಯಾಗಬೇಕು. ಆದ್ದರಿಂದ ಆಪರೇಟಿಂಗ್ ಸಿಸ್ಟಮ್ ಪ್ರತಿ ಸಲವೂ ಮುಂದಿನ ಬಿಡುವು ಎಷ್ಟು ಉದ್ದವಿರಬಹುದೆಂದು ಅಂದಾಜು ಮಾಡಿ, ಅದಕ್ಕೆ ತಕ್ಕ ಹಂತವನ್ನು ಆರಿಸುತ್ತದೆ. ಯಾವುದೋ ತಂತ್ರಾಂಶ ಪದೇ ಪದೇ ಎಬ್ಬಿಸುತ್ತಿದ್ದರೆ ಅಂದಾಜು ಕುಗ್ಗುತ್ತದೆ, ಆಳದ ನಿದ್ದೆ ಲಾಭದಾಯಕವಲ್ಲವೆಂದು ತೀರ್ಮಾನವಾಗುತ್ತದೆ, ಪ್ರೊಸೆಸರ್ ಕೋಳಿನಿದ್ದೆಯಲ್ಲೇ ದಿನ ದೂಡುತ್ತದೆ. ನಷ್ಟ ಹೀಗೆ ಎರಡು ಕಡೆಯಿಂದ ಬರುತ್ತದೆ, ಮತ್ತು ಇದರ ಪೂರ್ತಿ ಚಿತ್ರ ಶೇ. 2 ಎಂಬ ಅಂಕಿಯಲ್ಲಿ ಕಾಣಿಸುವುದಿಲ್ಲ.

ವಿಂಡೋಸಿನಲ್ಲಿ ಇದರ ಒಂದು ಪ್ರಸಿದ್ಧ ಉದಾಹರಣೆ ಇದೆ. ಆ ವ್ಯವಸ್ಥೆಯ ಟೈಮರ್ ಮಾಮೂಲಾಗಿ ಸೆಕೆಂಡಿಗೆ 64 ಸಲ, ಅಂದರೆ ಸುಮಾರು 15.6 ಮಿಲಿಸೆಕೆಂಡಿಗೆ ಒಮ್ಮೆ ಬಡಿಯುತ್ತದೆ. ನಿಖರ ಸಮಯ ಬೇಕಾದ ತಂತ್ರಾಂಶ ಅದನ್ನು 1 ಮಿಲಿಸೆಕೆಂಡಿಗೆ ಬಿಗಿಗೊಳಿಸುವಂತೆ ಕೇಳಬಹುದು. ಹಾಡು, ವಿಡಿಯೊ ನಡೆಯುತ್ತಿರುವಾಗ ಆ ಕೋರಿಕೆ ನ್ಯಾಯವೂ ಹೌದು. ತೊಂದರೆ ಏನೆಂದರೆ, ಒಬ್ಬರು ಕೇಳಿದರೆ ಬಡಿತ ಇಡೀ ಯಂತ್ರಕ್ಕೇ ಬಿಗಿಯಾಗುತ್ತಿತ್ತು. ವಿಂಡೋಸಿನ ಮೇಲಿನ ಕ್ರೋಮ್ ಬ್ರೌಸರ್ ಸುಮ್ಮನೆ ತೆರೆದಿದ್ದರೂ ಇದನ್ನು ಬಿಗಿಹಿಡಿದೇ ಇರುತ್ತದೆಂಬುದು 2014ರಲ್ಲಿ ದೊಡ್ಡ ಚರ್ಚೆಯಾಗಿ, ಆಮೇಲೆ ಸರಿಹೋಯಿತು. ಒಬ್ಬರ ಕೋರಿಕೆ ಎಲ್ಲರ ತಲೆಗೆ ಬರುವ ಆ ನಿಯಮವೇ ಸಡಿಲವಾದದ್ದು 2020ರ ವಿಂಡೋಸ್ 10 ಆವೃತ್ತಿಯಲ್ಲಿ.

ವಿಂಡೋಸಿನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಬಳಗ ಈ ವಿಷಯದಲ್ಲಿ ಮೊದಲೇ ಕಣ್ಣು ತೆರೆದಿತ್ತು. 2007ರಲ್ಲಿ ಬಂದ ಅದರ ಕರ್ನೆಲ್ಲಿನ (ವ್ಯವಸ್ಥೆಯ ತಿರುಳು ಭಾಗದ) 2.6.21 ಆವೃತ್ತಿ, ಕೆಲಸವಿಲ್ಲದಾಗ ನಿಯತವಾಗಿ ಬಡಿಯುವ ಟಿಕ್ಕನ್ನೇ ನಿಲ್ಲಿಸುವ ಏರ್ಪಾಡು ತಂದಿತು. ಅದೇ ವರ್ಷ ಇಂಟೆಲ್ ಸಂಸ್ಥೆ ಪವರ್‌ಟಾಪ್ ಎಂಬ ಪುಟ್ಟ ಸಾಧನವನ್ನು ಬಿಡುಗಡೆ ಮಾಡಿತು. ಯಾವ ತಂತ್ರಾಂಶ ಸೆಕೆಂಡಿಗೆ ಎಷ್ಟು ಸಲ ಪ್ರೊಸೆಸರನ್ನು ಎಬ್ಬಿಸುತ್ತಿದೆ ಎಂಬುದನ್ನು ಅದು ಹೆಸರು ಸಮೇತ ಪಟ್ಟಿ ಮಾಡಿ ತೋರಿಸುತ್ತಿತ್ತು. ಪಟ್ಟಿಗೆ ಬಿದ್ದ ತಪ್ಪಿತಸ್ಥರು ಭಾರೀ ಕೆಲಸದವರಲ್ಲ. ಡಿಸ್ಕ್ ಹಾಕಿದ್ದಾರೆಯೇ ಎಂದು ಎರಡೆರಡು ಸೆಕೆಂಡಿಗೊಮ್ಮೆ ಡಿವಿಡಿ ಡ್ರೈವನ್ನು ಕೇಳುತ್ತಿದ್ದ ಸೇವೆಯೊಂದು ಅವರಲ್ಲಿ ಸೇರಿತ್ತು. ಅದರ ದೆಸೆಯಿಂದ ಡ್ರೈವಿಗೆ ಹೋಗುವ ಸಂಪರ್ಕದ ಸರ್ಕ್ಯೂಟು ಮಲಗಲು ಆಗುತ್ತಲೇ ಇರಲಿಲ್ಲ. ಡಿಸ್ಕ್ ಬಂದಾಗ ತಿಳಿಸು ಎಂದು ಹೇಳಿ ಮಲಗಬಹುದಾದ ಕಡೆ, ಬಂತೇ ಬಂತೇ ಎಂದು ಕೇಳುತ್ತಲೇ ಇರುವ ಈ ಚಾಳಿಗೆ ಪೋಲಿಂಗ್ ಎಂದು ಹೆಸರು. ತಂತ್ರಾಂಶ ಬರೆಯುವವರಿಗೆ ಅದು ಸುಲಭ, ಬ್ಯಾಟರಿಗೆ ದುಬಾರಿ.

ಎಬ್ಬಿಸುವುದು ಅನಿವಾರ್ಯವಾದರೆ ಒಟ್ಟಿಗೆ ಎಬ್ಬಿಸಿ ಎಂಬುದು ಮುಂದಿನ ಜಾಣತನ. 2013ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ಮಿನ ಮ್ಯಾವೆರಿಕ್ಸ್ ಆವೃತ್ತಿಯಲ್ಲಿ, ಬೇರೆ ಬೇರೆ ತಂತ್ರಾಂಶಗಳ ಟೈಮರ್‌ಗಳನ್ನು ತುಸು ಹಿಂದೆಮುಂದೆ ಸರಿಸಿ ಒಂದೇ ಹೊತ್ತಿಗೆ ಜೋಡಿಸುವ ವಿಧಾನ ತಂದಿತು. ಉಪ್ಪಿಗೊಮ್ಮೆ, ಸಕ್ಕರೆಗೊಮ್ಮೆ, ಬೆಂಕಿಪೊಟ್ಟಣಕ್ಕೊಮ್ಮೆ ಅಂಗಡಿಗೆ ಓಡುವ ಬದಲು ಚೀಟಿ ಬರೆದುಕೊಂಡು ಒಂದೇ ಸಲ ಹೋಗಿಬರುವಂಥ ಲೆಕ್ಕಾಚಾರ ಅದು. ಬ್ರೌಸರ್‌ಗಳೂ ದಾರಿಗೆ ಬಂದವು: 2021ರ ಜನವರಿಯ ಕ್ರೋಮ್ 88ರಿಂದೀಚೆಗೆ, ಕಣ್ಣಿಂದ ಮರೆಯಾಗಿ ಐದು ನಿಮಿಷ ದಾಟಿದ ಟ್ಯಾಬ್‌ಗಳ ಟೈಮರ್‌ಗಳು ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ ಮಾತ್ರ ಏಳುತ್ತವೆ. ಸದ್ದು ಮಾಡುತ್ತಿರುವ, ವಿಡಿಯೊ ಕರೆಯಲ್ಲಿರುವ ಟ್ಯಾಬ್‌ಗಳಿಗೆ ವಿನಾಯಿತಿ ಉಂಟು.

ಇಷ್ಟೆಲ್ಲ ಆದ ಮೇಲೂ ದೂರು ನಿಂತಿಲ್ಲವೆಂದರೆ ಅದಕ್ಕೆ ಕಾರಣ ತಾಂತ್ರಿಕವಷ್ಟೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ತಂತ್ರಾಂಶ ಬರೆಯುವವರ ಮೇಜಿನ ಮೇಲಿನ ಯಂತ್ರ ಸದಾ ಚಾರ್ಜರಿಗೆ ಅಂಟಿಕೊಂಡಿರುತ್ತದೆ; ಅವರ ಉತ್ಪನ್ನ ಕುಡಿಯುವ ಶಕ್ತಿಯ ಬಿಲ್ಲು ಅವರಿಗೆ ಬರುವುದೇ ಇಲ್ಲ. ಪ್ರಿಂಟರ್ ಕೊಂಡರೆ ಅದರ ಸಹಾಯಕ ತಂತ್ರಾಂಶ, ಪಿಡಿಎಫ್ ಓದುವ ತಂತ್ರಾಂಶ ಹಾಕಿದರೆ ಅದರ ಅಪ್‌ಡೇಟರ್, ಲ್ಯಾಪ್‌ಟಾಪ್ ತಯಾರಕರದ್ದೇ ಎರಡೋ ಮೂರೋ ಸೇವೆಗಳು. ಒಂದೊಂದೂ ತಾನು ಚಿಕ್ಕದು ಎಂದುಕೊಂಡೇ ಒಳಗೆ ಬರುತ್ತದೆ. ಚಾಟ್ ಮತ್ತು ಕಚೇರಿ ಸಂವಹನದ ಹಲವು ತಂತ್ರಾಂಶಗಳು ಇಂದು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ನಿಂತಿವೆ. ಅಂಥ ಪ್ರತಿಯೊಂದೂ ತನ್ನದೇ ಒಂದು ಇಡೀ ಬ್ರೌಸರನ್ನು ಹೊತ್ತು ತರುತ್ತದೆ. ಅಂಥವು ನಾಲ್ಕು ತೆರೆದಿದ್ದರೆ ನಾಲ್ಕು ಬ್ರೌಸರ್ ತೆರೆದಂತೆಯೇ ಸರಿ.

ಮುಚ್ಚಳ ಮುಚ್ಚಿದ ಮೇಲೆ ಆಗುವುದು ಇನ್ನೂ ಸಿಟ್ಟು ತರಿಸುವ ಸಂಗತಿ. ಹಿಂದಿನ ಲ್ಯಾಪ್‌ಟಾಪ್‌ಗಳ ನಿದ್ದೆಗೆ ಎಸ್3 ಎಂದು ಹೆಸರು. ಅದರಲ್ಲಿ ಮೆಮೊರಿಯನ್ನು ಉಳಿಸಿಕೊಳ್ಳುವಷ್ಟು ವಿದ್ಯುತ್ ಬಿಟ್ಟು ಉಳಿದ ಬಹುತೇಕ ಭಾಗಗಳು ಆರಿಹೋಗುತ್ತಿದ್ದವು. ಈಚಿನ ಅನೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದರ ಜಾಗಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಬಂದಿದೆ. ಇದು ಫೋನಿನ ರೀತಿಯ ನಿದ್ದೆ: ಪರದೆ ಆರಿದರೂ ಯಂತ್ರ ತಾಂತ್ರಿಕವಾಗಿ ಎಚ್ಚರವೇ ಇದ್ದು, ನಡುನಡುವೆ ಎದ್ದು ಮೇಲ್, ಅಪ್‌ಡೇಟ್ ನೋಡಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದು ಗಂಟೆಗೆ ಕಾಲು ವಾಟ್-ಗಂಟೆಯಷ್ಟು ಖರ್ಚಾದರೆ, ನಮ್ಮ 50 ವಾಟ್-ಗಂಟೆಯ ಬ್ಯಾಟರಿಯಲ್ಲಿ ಎಂಟು ಗಂಟೆಯ ರಾತ್ರಿಗೆ ಶೇ. 4 ಇಳಿಯುತ್ತದೆ. ಯಾವುದೋ ಡ್ರೈವರ್ (ಯಂತ್ರದ ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಅಥವಾ ಸೇವೆ ಆಳದ ಹಂತಕ್ಕೆ ಇಳಿಯಲು ಬಿಡದೆ 3 ವಾಟ್ ಎಳೆಯುತ್ತ ಕುಳಿತರೆ ಬೆಳಗಾಗುವಷ್ಟರಲ್ಲಿ ಅರ್ಧ ಬ್ಯಾಟರಿ ಖಾಲಿ. ಅದೇ ಲ್ಯಾಪ್‌ಟಾಪ್ ಬ್ಯಾಗಿನೊಳಗಿದ್ದರೆ ಗಾಳಿಯಾಡದೆ ಕಾದು ಕೂರುತ್ತದೆ. ಲಿಥಿಯಮ್-ಅಯಾನ್ ಕೋಶಗಳಿಗೆ ಬಿಸಿ ಎಂದರೆ ಆಗದು, ಅವುಗಳ ಧಾರಣಶಕ್ತಿ ಬೇಗ ಕುಗ್ಗುತ್ತದೆ. ಅಲ್ಲಿಗೆ ತಂತ್ರಾಂಶದ ತಪ್ಪು ಯಂತ್ರದ ಕಾಯಿಲೆಯಾಗಿ ಬದಲಾಯಿತು.

ತಪ್ಪಿತಸ್ಥರನ್ನು ಹಿಡಿಯುವುದೂ ಅಷ್ಟು ಸುಲಭವಲ್ಲ. ಬ್ಯಾಟರಿಯೊಳಗಿನ ಚಿಪ್ ಒಟ್ಟು ಎಷ್ಟು ಕರೆಂಟು ಹರಿಯಿತೆಂದು ಅಳೆಯಬಲ್ಲದು, ಯಾರಿಗಾಗಿ ಹರಿಯಿತೆಂದು ಅದಕ್ಕೆ ತಿಳಿಯದು. ಇಂಟೆಲ್ 2011ರ ಸ್ಯಾಂಡಿ ಬ್ರಿಜ್ ಪೀಳಿಗೆಯಿಂದ ಪ್ರೊಸೆಸರಿನಲ್ಲೇ ಶಕ್ತಿಯ ಲೆಕ್ಕ ಇಡುವ ಏರ್ಪಾಡು ಕೊಟ್ಟಿದೆಯಾದರೂ ಅದೂ ಚಿಪ್ಪಿನ ಲೆಕ್ಕವೇ ಹೊರತು ತಂತ್ರಾಂಶದ ಲೆಕ್ಕವಲ್ಲ. ಹಾಗಾಗಿ ಟಾಸ್ಕ್ ಮ್ಯಾನೇಜರಿನ ಪವರ್ ಯೂಸೇಜ್ ಕಾಲಮ್ಮಿನಲ್ಲಿ, ಮ್ಯಾಕಿನ ಆಕ್ಟಿವಿಟಿ ಮಾನಿಟರ್ ತೋರಿಸುವ ಎನರ್ಜಿ ಇಂಪ್ಯಾಕ್ಟಿನಲ್ಲಿ ಕಾಣುವುದು ಅಂದಾಜು ಮಾತ್ರ. ಎರಡನೆಯದಕ್ಕಂತೂ ವಾಟ್ ಎಂಬ ಮಾನವೇ ಇಲ್ಲ. ಆದರೂ ಪಟ್ಟಿಯ ಮೇಲ್ತುದಿಯಲ್ಲಿ ಇರುವವರನ್ನು ಗುರುತಿಸಲು ಅಷ್ಟು ಸಾಕು.

ಇವುಗಳಿಗಿಂತ ಉಪಯುಕ್ತವಾದ ಎರಡು ವರದಿಗಳನ್ನು ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಮೂಲಕ ಪಡೆಯಬಹುದು. ಬ್ಯಾಟರಿ ರಿಪೋರ್ಟಿನಲ್ಲಿ ತಯಾರಾದಾಗಿನ ಧಾರಣಶಕ್ತಿ, ಈಗ ಪೂರ್ತಿ ಚಾರ್ಜ್ ಆದಾಗಿನ ಧಾರಣಶಕ್ತಿ ಎರಡೂ ಒಂದರ ಕೆಳಗೊಂದು ಇರುತ್ತವೆ. ಎರಡರ ನಡುವೆ ಹೆಚ್ಚು ಅಂತರವಿಲ್ಲದೆ ಬಾಳಿಕೆ ಮಾತ್ರ ಅರ್ಧವಾಗಿದ್ದರೆ ಬ್ಯಾಟರಿಯನ್ನು ಬಯ್ಯುವಂತಿಲ್ಲ. ಸ್ಲೀಪ್ ಸ್ಟಡಿ ಎಂಬ ಇನ್ನೊಂದು ವರದಿ, ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರಗಳಲ್ಲಿ ಪ್ರತಿ ನಿದ್ದೆಯ ಅವಧಿ, ಇಳಿದ ಶಕ್ತಿ, ಆಳದ ಹಂತದಲ್ಲಿ ಕಳೆದ ಸಮಯ, ನಿದ್ದೆಗೆಡಿಸಿದವರ ಹೆಸರು ಇಷ್ಟನ್ನೂ ಕೊಡುತ್ತದೆ. ಹೊಸ ಅಪ್‌ಡೇಟ್ ಆದ ಮೊದಲೆರಡು ದಿನ ಫೈಲುಗಳ ಸೂಚಿ ಸಿದ್ಧಪಡಿಸುವಿಕೆ, ಆಂಟಿವೈರಸ್ ತಪಾಸಣೆ ಇತ್ಯಾದಿಗಳಿಂದ ಖರ್ಚು ಏರುವುದು ಸಹಜ. ಆ ದಿನಗಳ ವರದಿ ನೋಡಿ ಯಾರನ್ನೂ ದೂರಬಾರದು. ಅದಾದ ಮೇಲೂ ಇಳಿತ ಮುಂದುವರಿದರೆ ಸ್ಟಾರ್ಟಪ್ ಪಟ್ಟಿಯಿಂದ ಬೇಡದವನ್ನು ತೆಗೆಯುವುದು, ರಾತ್ರಿಗೆ ಸ್ಲೀಪ್ ಬದಲು, ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನು ಆರಿಸುವ ಹೈಬರ್ನೇಟ್ ಬಳಸುವುದು ಫಲ ಕೊಡುತ್ತವೆ.

ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮಾತ್ರ ಈ ಯಾವ ಸ್ವಾತಂತ್ರ್ಯವೂ ಇರುವುದಿಲ್ಲ. ವಿಪಿಎನ್, ಭದ್ರತಾ ತಪಾಸಣೆ, ಫೈಲುಗಳ ಬ್ಯಾಕಪ್, ದೂರದಿಂದ ನಿಗಾ ಇಡುವ ಏಜೆಂಟ್ ತಂತ್ರಾಂಶ ಎಲ್ಲವೂ ಐಟಿ ವಿಭಾಗದ ಅಪ್ಪಣೆಯಲ್ಲಿ ಓಡುತ್ತಿರುತ್ತವೆ, ಬಳಸುವವರು ಅವನ್ನು ಮುಟ್ಟುವಂತಿಲ್ಲ. ಅಲ್ಲಿ ಬ್ಯಾಟರಿ ನಿಲ್ಲುವುದಿಲ್ಲ ಎಂಬ ಬರಿಯ ದೂರಿಗೆ ಹೊಸ ಚಾರ್ಜರ್ ಸಿಗಬಹುದಷ್ಟೇ. ಸ್ಲೀಪ್ ಸ್ಟಡಿಯ ವರದಿಯನ್ನು ಜೊತೆಗೆ ಲಗತ್ತಿಸಿ, ಇಂಥ ಸೇವೆ ಇಂಥ ರಾತ್ರಿ ಇಷ್ಟು ಶಕ್ತಿ ತಿಂದಿದೆ ಎಂದು ತೋರಿಸಿದರೆ, ಆ ಏಜೆಂಟಿನ ತಪಾಸಣೆಯ ಅವಧಿಯನ್ನು ಬದಲಿಸುವ ಅಧಿಕಾರ ಇರುವವರ ಮುಂದೆ ಒಂದು ಅಂಕಿಯಾದರೂ ಇರುತ್ತದೆ.