ಒಸಿಐ ಕಾರ್ಡ್ ತೋರಿಸಿ ತೋಟ ಬರೆಸಿಕೊಳ್ಳೋಕೆ ಆಗಲ್ಲ

ಪ್ರತಿ ಡಿಸೆಂಬರ್‌ನಲ್ಲಿ, ಅರೇಬಿಕಾ ಕೊಯ್ಲು ಜೋರಾಗಿರುವಾಗಲೇ, ಚಿಕ್ಕಮಗಳೂರಿನ ನನ್ನ ಆಫೀಸಿಗೆ ಒಂದೇ ಥರದ ಕುಟುಂಬಗಳು ಬರುತ್ತವೆ. ಅಪ್ಪ, ಅಮ್ಮ, ರಜೆಗೆ ಅಮೆರಿಕದಿಂದಲೋ ಆಸ್ಟ್ರೇಲಿಯಾದಿಂದಲೋ ಬಂದಿರುವ ಮಗ ಅಥವಾ ಮಗಳು. ಬ್ಯಾಗಿನಿಂದ ಪಹಣಿ, ಹಳೇ ಕ್ರಯಪತ್ರ, ಸ್ಕೆಚ್ಚು ಎಲ್ಲಾ ಒಂದೊಂದೇ ಮೇಜಿನ ಮೇಲೆ ಬರುತ್ತದೆ. ಕೊನೆಗೆ ಒಸಿಐ ಕಾರ್ಡ್, ಅಂದರೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಕಾರ್ಡ್. ‘ಸಾರ್, ತೋಟ ಇವನ ಹೆಸರಿಗೆ ಮಾಡಿಬಿಡಿ. ಹತ್ತು ದಿನದಲ್ಲಿ ವಾಪಸ್ ಹೊರಡ್ತಾನೆ.’

ಆಗಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದೇ ಬಿಡೋಣ ಅನ್ನಿಸಿತು.

ಒಸಿಐ ಅಂದರೆ ಪೌರತ್ವ ಅಲ್ಲ. ಹೆಸರಲ್ಲಿ ‘ಸಿಟಿಜನ್’ ಅಂತ ಇದೆ, ನಿಜ, ಮೇಲೆ ನಮ್ಮ ಸಿಂಹಲಾಂಛನವೂ ಇದೆ. ಆದರೆ 1955ರ ಪೌರತ್ವ ಕಾಯ್ದೆ ಪ್ರಕಾರ ನಾವಾಗೇ ಬೇರೆ ದೇಶದ ಪೌರತ್ವ ತಗೊಂಡ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಕೊಡುವ ಒಸಿಐ ಅನ್ನೋದು ಬದುಕಿರುವವರೆಗೂ ನಡೆಯುವ ಒಂದು ವೀಸಾ, ಅದರ ಜೊತೆಗೆ ಒಂದಷ್ಟು ಸೌಲಭ್ಯ. 2015ರ ತಿದ್ದುಪಡಿ ಆದ ಮೇಲೆ ಕಾನೂನಿನಲ್ಲೂ ‘ಕಾರ್ಡ್‌ಹೋಲ್ಡರ್’ ಅಂತಲೇ ಇದೆ.

ಆ ಸೌಲಭ್ಯ ದೊಡ್ಡದೇ. ಎಷ್ಟು ದಿನ ಬೇಕಾದರೂ ಇಲ್ಲಿರಬಹುದು, ವಿದೇಶಿಯರ ನೋಂದಣಿ ಕಚೇರಿಗೆ ಅಲೆಯಬೇಕಿಲ್ಲ. ಪತ್ರಿಕೋದ್ಯಮ, ಧರ್ಮಪ್ರಚಾರ, ಸಂಶೋಧನೆಯಂಥ ಕೆಲವು ಬಿಟ್ಟರೆ ಕೆಲಸಕ್ಕೆ ಬೇರೆ ಅನುಮತಿ ಬೇಡ. ಒಸಿಐ ಇಲ್ಲದ ವಿದೇಶಿಯನ್ನು ಕೆಲಸಕ್ಕೆ ಕರೆಸಬೇಕಾದರೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು, ಕೆಲವು ವಿನಾಯಿತಿ ಬಿಟ್ಟರೆ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಜಾಸ್ತಿ ಸಂಬಳ ತೋರಿಸಬೇಕು. (ಹೋಮ್‌ಸ್ಟೇ ನಡೆಸುವವರಿಗೆ ಇಲ್ಲೇ ಒಂದು ಮಾತು. ಟೂರಿಸ್ಟ್ ವೀಸಾದಲ್ಲಿ ಬಂದ ಹುಡುಗನನ್ನು ಊಟ, ವಸತಿ ಕೊಟ್ಟು ತಿಂಗಳುಗಟ್ಟಲೆ ಕಾಫಿ ಹುರಿಯೋಕೆ ಇಟ್ಟುಕೊಳ್ಳಬೇಡಿ. ಸಂಬಳ ಕೊಡದಿದ್ದರೂ ಅದು ಕೆಲಸವೇ.)

ಇಷ್ಟೆಲ್ಲಾ ಕೊಡುವ ಕಾರ್ಡ್ ತೋಟವನ್ನೂ ಕೊಡುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ತಪ್ಪಾಗೋದು ಅಲ್ಲೇ. ಭೂಮಿಯ ವಿಷಯ ನೋಡಿಕೊಳ್ಳೋದು ವೀಸಾ ನಿಯಮ ಅಲ್ಲ, ಫೆಮಾ, ಅಂದರೆ ವಿದೇಶಿ ವಿನಿಮಯದ ಕಾನೂನು. ಅದರ ಕೆಳಗೆ 2019ರಲ್ಲಿ ಬಂದ ನಿಯಮಗಳಲ್ಲಿ ಮೂರು ಬಗೆಯ ಆಸ್ತಿಯನ್ನು ಬೇರೆ ಇಟ್ಟಿದ್ದಾರೆ: ಕೃಷಿ ಜಮೀನು, ಫಾರ್ಮ್‌ಹೌಸ್, ಪ್ಲಾಂಟೇಷನ್. ಕಾಫಿ ತೋಟ ಪ್ಲಾಂಟೇಷನ್ನು. ಬೆಂಗಳೂರಲ್ಲಿ ಫ್ಲಾಟ್ ತಗೊಳ್ಳಿ, ಚಿಕ್ಕಮಗಳೂರಲ್ಲಿ ಮನೆ ತಗೊಳ್ಳಿ, ಯಾರೂ ಕೇಳಲ್ಲ. ಈ ಮೂರನ್ನು ಮಾತ್ರ ವಿದೇಶದಲ್ಲಿ ನೆಲೆಸಿರುವ ಒಸಿಐ ಕೊಳ್ಳುವಂತಿಲ್ಲ.

ಕೊಳ್ಳುವಂತಿಲ್ಲ ಅಂದ ತಕ್ಷಣ ಎಲ್ಲರೂ ಹೇಳೋದು ಒಂದೇ ಮಾತು. ‘ಕೊಳ್ತಾ ಇಲ್ಲ ಸಾರ್, ಅಪ್ಪ ದಾನ ಕೊಡ್ತಿದ್ದಾರೆ.’

ದಯವಿಟ್ಟು ಇದನ್ನು ನಿಧಾನಕ್ಕೆ ಓದಿ. ದಾನಪತ್ರದಿಂದಲೂ ಆಗಲ್ಲ. ಅಪ್ಪನೇ ಕೊಟ್ಟರೂ ಆಗಲ್ಲ, ಅಮ್ಮ ಕೊಟ್ಟರೂ ಆಗಲ್ಲ. ನೆಂಟರಿಂದ ದಾನ ಪಡೆಯೋಕೆ ನಿಯಮದಲ್ಲಿ ಅವಕಾಶ ಇದೆ, ಆದರೆ ಅಲ್ಲೂ ಈ ಮೂರು ಬಗೆಯ ಆಸ್ತಿ ಹೊರಗೆ. ವಾರಸುದಾರಿಕೆಯಿಂದ ಮಾತ್ರ ಬರಬಹುದು. ಅಂದರೆ ಅಪ್ಪ ಬದುಕಿರುವಾಗ ಕೊಟ್ಟರೆ ತಪ್ಪು, ಅಪ್ಪನ ಕಾಲಾನಂತರ ವಿಲ್ ಮೂಲಕವೋ, ವಿಲ್ ಇಲ್ಲದೆ ಹಕ್ಕಿನಿಂದಲೋ ಬಂದರೆ ಸರಿ. ಅದೇ ತೋಟ, ಅದೇ ಅಪ್ಪ, ಅದೇ ಮಗ. ವಿಚಿತ್ರ ಅನ್ನಿಸಬಹುದು, ನನಗೂ ಅನ್ನಿಸುತ್ತದೆ, ಆದರೆ ನಿಯಮ ಇರೋದು ಹಾಗೆ.

ಎರಡು ವರ್ಷದ ಹಿಂದೆ ಆಲ್ದೂರು ಕಡೆಯ ಹಿರಿಯರೊಬ್ಬರು ಬಂದಿದ್ದರು. ಎಂಬತ್ತು ದಾಟಿದ ಮನುಷ್ಯ. ಒಬ್ಬನೇ ಮಗ ನ್ಯೂಜೆರ್ಸಿಯಲ್ಲಿ, ಆಗಲೇ ಅಮೆರಿಕದ ಪೌರ. ದಾನಪತ್ರ ಬೇರೆಯವರ ಹತ್ತಿರ ಬರೆಸಿಕೊಂಡೇ ಬಂದಿದ್ದರು, ಒಂದು ಸಲ ನೋಡಿಬಿಡಿ ಅಂತ. ಗಡಿ ವಿವರದಲ್ಲಿ ತಪ್ಪಿಲ್ಲ, ಸರ್ವೆ ನಂಬರ್ ಸರಿ, ತೋಟದ ಒಳಗಿನ ಕೆರೆ, ಲೈನ್ ಮನೆಗಳು, ಕಣ, ಪಲ್ಪರ್ ಶೆಡ್ಡು, ಎಲ್ಲಾ ಬರೆಸಿದ್ದರು. ಕಾಳುಮೆಣಸಿನ ಬಳ್ಳಿ ಎಷ್ಟಿವೆ ಅಂತ ಕೂಡ. ಮಗನ ವಿಳಾಸದ ಸಾಲಿನಲ್ಲಿ ಮಾತ್ರ ನ್ಯೂಜೆರ್ಸಿ ಇರಲಿಲ್ಲ, ಆಲ್ದೂರು ಮನೆಯ ವಿಳಾಸ ಹಾಕಿದ್ದರು. ಯಾರೋ ಹಾಗೆ ಹಾಕಿದರೆ ಸುಲಭ ಅಂದಿದ್ದರಂತೆ.

ನಾನು ಆಗಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನನ್ ಮಗನಿಗೆ ನಾನ್ ಕೊಡೋಕೆ ಯಾರ ಅಪ್ಪಣೆ ಬೇಕಪ್ಪಾ?’ ಅಂದರು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು. ಅವರ ತಂದೆ ಕಾಡು ಸವರಿ ಮಾಡಿದ ತೋಟ ಅದು. ನನಗೆ ಉತ್ತರ ಕೊಡೋಕೆ ಕಷ್ಟವಾಯಿತು.

ಕೊನೆಗೆ ವಿಲ್ ಬರೆಸಿದೆವು. ಎರಡು ಸಾಕ್ಷಿ ಸಾಕು, ರಿಜಿಸ್ಟರ್ ಮಾಡಿಸಲೇಬೇಕು ಅಂತ ಕಾನೂನಿಲ್ಲ. ಆದರೆ ತೋಟದ ವಿಷಯದಲ್ಲಿ ಮಾಡಿಸಿ ಅಂತಲೇ ನಾನು ಹೇಳೋದು, ನಾಳೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಹೋದಾಗ ತಕರಾರು ಕಡಿಮೆ. ಪಿತ್ರಾರ್ಜಿತ ಆಸ್ತಿಯಾದರೆ, ಬೇರೆ ಪಾಲುದಾರರಿದ್ದರೆ ವಿಚಾರ ಬೇರೆ, ಕಾಗದ ನೋಡದೆ ನಾನು ಏನೂ ಹೇಳಲ್ಲ.

‘ರಿಜಿಸ್ಟರ್ ಆಗಿಬಿಡ್ತಲ್ಲ ಸಾರ್’ ಅಂತ ಬರುವವರೂ ಇದ್ದಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಸೀಲು ಹಾಕಿದ ಮಾತ್ರಕ್ಕೆ ಫೆಮಾ ಒಪ್ಪಿತು ಅಂತಲ್ಲ. ಆಧಾರ್ ಇದೆ, ಪ್ಯಾನ್ ಇದೆ ಅನ್ನುತ್ತಾರೆ. ಆಧಾರ್ ಪೌರತ್ವಕ್ಕೆ ಸಾಕ್ಷಿ ಅಲ್ಲ. ಇನ್ನು ಕೆಲವರು 2020ರ ತಿದ್ದುಪಡಿ ಹಿಡಿದು ಬರುತ್ತಾರೆ. ಆಗ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರು, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಅದು ರಾಜ್ಯದ ಕಾನೂನು. ಫೆಮಾ ಕೇಂದ್ರದ್ದು, ಅದರಲ್ಲಿ ಅಕ್ಷರವೂ ಬದಲಾಗಿಲ್ಲ. ಒಂದು ಬಾಗಿಲು ತೆಗೆದರು ಅಂತ ಇನ್ನೊಂದರ ಬೀಗ ತಾನಾಗೇ ಬಿಚ್ಚಿಕೊಳ್ಳಲ್ಲ ಅಲ್ವಾ? ಮೀರಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ದಂಡ ಹಾಕಬಹುದು. ಆಗಲೇ ಮಾಡಿಬಿಟ್ಟಿದ್ದರೆ ಮುಚ್ಚಿಡಬೇಡಿ. ಸರಿಪಡಿಸೋಕೆ ದಾರಿ ಇದೆ, ಬೇಗ ಬಂದಷ್ಟೂ ಸುಲಭ.

ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡೇ ಎಚ್1ಬಿ ಅನ್ನೋ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿರುವವರು ‘ನಮಗೇನೂ ತೊಂದರೆ ಇಲ್ಲ’ ಅಂದುಕೊಂಡಿರುತ್ತಾರೆ. ಇದೆ. ಅಲ್ಲಿರುವವರೆಗೆ ನೀವು ಎನ್‌ಆರ್‌ಐ, ತೋಟದ ವಿಷಯದಲ್ಲಿ ನಿಯಮ ನಿಮಗೂ ಇದೇ. ಕೆಲಸ ಬಿಟ್ಟು ಇಲ್ಲೇ ಇರ್ತೀನಿ ಅಂತ ವಾಪಸ್ ಬಂದಾಗ ಕೊಳ್ಳಿ.

ಬಾಮೈದನ ಹೆಸರಲ್ಲಿ ಡಾಲರ್ ಹಾಕಿ ತೋಟ ತಗೊಳ್ಳುವ ಉಪಾಯ ಮಾತ್ರ ಬೇಡವೇ ಬೇಡ. ಅದು ಬೇನಾಮಿ. ತೋಟವೂ ಹೋಗುತ್ತದೆ, ಬಾಮೈದನೂ ಹೋಗುತ್ತಾನೆ. ಎರಡನ್ನೂ ಕಳಕೊಂಡವರನ್ನು ನೋಡಿದ್ದೇನೆ.

ವಾರಸಿನಿಂದ ಬಂದ ಮೇಲೆ ಕೂಡ ಒಂದು ಗಂಟಿದೆ. ಸಕಲೇಶಪುರದ ಒಂದು ಮನೆಯಲ್ಲಿ ಅಣ್ಣ ಕೆನಡಾದಲ್ಲಿ, ತಂಗಿ ಇಂಗ್ಲೆಂಡಿನಲ್ಲಿ, ಇಬ್ಬರೂ ಒಸಿಐ. ತಂದೆಯ ಕಾಲಾನಂತರ ತೋಟ ಇಬ್ಬರಿಗೂ ಸರಿಯಾಗಿಯೇ ಬಂತು. ತಂಗಿ ದೊಡ್ಡ ಮನಸ್ಸಿನಿಂದ, ‘ನಂಗ್ ಬೇಡ, ಅಣ್ಣನೇ ನೋಡ್ಕೊಳ್ಲಿ’ ಅಂತ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕೋಕೆ ಬಂದಳು. ಆ ಹುಡುಗಿಗೆ ಬೇಡಮ್ಮ ಅನ್ನೋಕೆ ನನಗೆ ಸಂಕಟ. ಒಬ್ಬ ಒಸಿಐ ಇನ್ನೊಬ್ಬ ಒಸಿಐಗೆ ತೋಟ ವರ್ಗಾಯಿಸುವಂತಿಲ್ಲ. ಇಲ್ಲೇ ನೆಲೆಸಿರುವ ಭಾರತೀಯರಿಗೆ ಮಾರಬಹುದು, ಬಂದ ದುಡ್ಡನ್ನು ಎನ್‌ಆರ್‌ಒ ಖಾತೆಯಿಂದ (ವಿದೇಶದಲ್ಲಿರುವವರು ಇಲ್ಲಿನ ದುಡ್ಡು ಇಡುವ ಬ್ಯಾಂಕ್ ಖಾತೆ) ತೆರಿಗೆ ಕಾಗದ ಸರಿಯಾಗಿಟ್ಟು ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ತೋಟ ಮಾರೋಕೆ ಆ ಅಣ್ಣನಿಗೂ ಮನಸ್ಸಿಲ್ಲ, ತಂಗಿಗೂ ಮನಸ್ಸಿಲ್ಲ. ಇವತ್ತಿಗೂ ತೋಟ ಇಬ್ಬರ ಹೆಸರಲ್ಲೇ ಇದೆ, ತೋಟದ ಲೆಕ್ಕಪತ್ರ, ಆಳುಕಾಳು ನೋಡುವ ಹಳೇ ರೈಟರ್ ನೋಡಿಕೊಳ್ಳುತ್ತಿದ್ದಾರೆ.

ಆಲ್ದೂರಿನ ಹಿರಿಯರು ಹೋದ ವಾರ ಫೋನ್ ಮಾಡಿದ್ದರು. ಮಗ ಈ ಸಲ ಆರು ತಿಂಗಳು ಇದ್ದು ಹೋಗ್ತಾನಂತೆ, ರೊಬಸ್ಟಾ ಕೊಯ್ಲು, ಹೂ ಮಳೆ ಎಲ್ಲಾ ನೋಡಿಕೊಂಡು. ಅಷ್ಟು ದಿನ ಇರೋಕೆ ಎಲ್ಲಾದರೂ ಬರೆದುಕೊಡಬೇಕಾ, ಪೊಲೀಸರಿಗೆ ಹೇಳಬೇಕಾ ಅಂತ ಕೇಳಿದರು. ಏನೂ ಬೇಡ, ಅಮೆರಿಕದ ಪಾಸ್‌ಪೋರ್ಟ್ ಜೊತೆಗೆ ಆ ಕಾರ್ಡ್ ಇದ್ದರೆ ಸಾಕು ಅಂದೆ.